ಗುಂಡಿಗೆ ಇದೆಯಾ?

ಲೀಡ್ಸ್‌ನಲ್ಲಿರುವ ನಮ್ಮ ಮಗಳು ಎರಡು ಫೆರೆಟ್ ಸಾಕಿದ್ದಾಳೆ. ಫೆರೆಟ್ ಅಂದರೆ ಎಂತದು ಎಂದು ಮಡಿಕೇರಿಯಲ್ಲಿ ಯಾರಾದರೂ ಕೇಳಿದರೆ ನಾನು ಮೊಣಕೈ ತೋರಿಸಿ, "ಒಂದು ಮೊಳ ಉದ್ದದ ಮುಂಗುಸಿ, ಬೆನ್ನೆಲುಬು ಹಾಕಲು ಬ್ರಹ್ಮ ಮರೆತದ್ದು" ಎನ್ನುತ್ತೇನೆ. ಇದು ತಪ್ಪು. ಅದು ಮುಂಗುಸಿಯ ಕುಲವೇ ಅಲ್ಲ. ದುಬಾರೆಯ ಹತ್ತಿರ ಕಾವೇರಿಯಿಂದ ತಲೆಯೆತ್ತಿ ನಮ್ಮನ್ನು ತಪಾಸಣೆ ಮಾಡುವ ನೀರುನಾಯಿಯ ದಾಯಾದಿ. ಮೊಲದ ಬಿಲಕ್ಕೆ ನುಗ್ಗಿಸಲೆಂದು ಯುರೋಪಿನವರು ಅದನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದರು. ಹೆಸರಿನ ಮೂಲ ಹುಡುಕಿದರೆ ಲ್ಯಾಟಿನ್ನಿನಲ್ಲಿ 'ಪುಟ್ಟ ಕಳ್ಳ' ಎಂದು ಅರ್ಥ ಬರುತ್ತದೆ. ಮಗಳ ಮನೆಯ ಕಾಲುಚೀಲಗಳ ಲೆಕ್ಕ ನೋಡಿದರೆ ಹೆಸರಿಟ್ಟವರು ಅನುಭವಸ್ಥರೇ.

ಮಗಳಿರುವ ಯಾರ್ಕ್‌ಶೈರ್ ಸೀಮೆಯಲ್ಲಿ ಈ ಪ್ರಾಣಿಯನ್ನು ಪ್ಯಾಂಟಿನೊಳಗೆ ಬಿಟ್ಟುಕೊಳ್ಳುವ ಪಂದ್ಯವೇ ಇತ್ತಂತೆ. ಒಳಚಡ್ಡಿ ನಿಷಿದ್ಧ. ಪ್ಯಾಂಟಿನ ಬುಡವನ್ನು ಹಗ್ಗದಲ್ಲಿ ಕಟ್ಟಿ, ಮೇಲಿನಿಂದ ಎರಡು ಫೆರೆಟ್ ಇಳಿಸಿ, ಬೆಲ್ಟು ಬಿಗಿದು ಸುಮ್ಮನೆ ನಿಲ್ಲಬೇಕು. ಬಾರ್ನ್ಸ್‌ಲಿಯ ರೆಜ್ ಮೆಲ್ಲರ್ ಎಂಬ ಹಿರಿಯರು 1981ರಲ್ಲಿ 5 ಗಂಟೆ 26 ನಿಮಿಷ ನಿಂತು ದಾಖಲೆ ಮಾಡಿದರು. ಈ ಸಂಗತಿಯನ್ನು ನನ್ನವಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಳಿಯಂದಿರಿಗೆ ಹೇಳಬೇಡಿ" ಎಂದಳು.

ಮಗಳು ಮನೆ ನೆನಪಾಗಿ ಒಂದಕ್ಕೆ ಮಂಜು, ಇನ್ನೊಂದಕ್ಕೆ ಮಳೆ ಎಂದು ಹೆಸರಿಟ್ಟಿದ್ದಾಳೆ. ಮಳೆ ಹೆಣ್ಣು, ಹಾಕಿದ್ದನ್ನು ತಿನ್ನುತ್ತದೆ. ಮಂಜು ಗಂಡು. ಈ ಕಥೆಯ ತಾಪತ್ರಯವೆಲ್ಲ ಅವನದ್ದೇ.

ನಮ್ಮ ಮನೆಯ ಭೂಗೋಳವನ್ನೂ ಹೇಳಿಬಿಡಬೇಕು. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬಂದು ಮೂವತ್ತು ವರ್ಷವಾಯಿತು. ಹಂದಿಮಾಂಸಕ್ಕೆ ಹೆಸರಾದ ಊರಿನಲ್ಲಿ ಮೊಟ್ಟೆಯೂ ಒಳಗೆ ಬಾರದ ಮನೆ ನಮ್ಮದು. ಅದಕ್ಕಾಗಿ ಯಾರೂ ನಮ್ಮನ್ನು ಬೇರೆಯಾಗಿ ಕಂಡದ್ದಿಲ್ಲ, ಮರುಕದಿಂದ ಕಂಡದ್ದುಂಟು. ಪಕ್ಕದ ಮನೆಯವರು ನಿವೃತ್ತ ಸುಬೇದಾರರು. ಅವರ ಮನೆಯ ಪ್ರತಿ ಹಬ್ಬಕ್ಕೂ ನಮಗೆ ಕಡಂಬುಟ್ಟು ಬರುತ್ತದೆ, ಜೊತೆಗೆ ಬರಬೇಕಾದ ಪಂದಿಕರಿಯ ಬದಲು ಒಂದು ನಿಟ್ಟುಸಿರು. ಇನ್ನು ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಜಗಲಿಯ ತುದಿಯಲ್ಲಿ ಮಾತ್ರ. ಜಗಲಿಗೆ ತಗಡಿನ ಶೀಟು. ಕಕ್ಕಡ ತಿಂಗಳ ಮಳೆ ಆ ಶೀಟಿನ ಮೇಲೆ ಬೀಳುವಾಗ ಲೀಡ್ಸಿಗೆ ಕೇಳಿಸಬೇಕಾದರೆ ಭಾಗಮಂಡಲಕ್ಕೆ ಕೇಳುವಷ್ಟು ಕೂಗಬೇಕು. ಸುಬೇದಾರರ ಮನೆ ಭಾಗಮಂಡಲಕ್ಕಿಂತ ಬಹಳ ಹತ್ತಿರ.

ಜುಲೈ ಕೊನೆಯ ವಾರ ಮಗಳು ಘೋಷಿಸಿದಳು: ಇನ್ನು ಮೇಲೆ ಫೆರೆಟ್‌ಗಳಿಗೆ ಪ್ಯಾಕೆಟ್ಟಿನ ಕಾಳು ಬಂದ್, ಹಸಿ ಮಾಂಸ ಮಾತ್ರ. ಕಾರಣವೂ ಕೊಟ್ಟಳು. ಫೆರೆಟ್‌ನ ಕರುಳು ಗಿಡ್ಡ, ಅದರಲ್ಲಿ ಸೊಪ್ಪುಸದೆ ಕೊಳೆಸುವ ಚೀಲವೇ ಇಲ್ಲ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಆಚೆ ದಾರಿ ಹಿಡಿಯುತ್ತದೆ. ಅಷ್ಟರೊಳಗೆ ಜೋಳ, ಬಟಾಣಿ ಅರಗುವುದೆಲ್ಲಿ ಬಂತು? ನೂರರಲ್ಲಿ ಎಂಬತ್ತು ಪಾಲು ಮಾಂಸ, ಹತ್ತು ಪಾಲು ಎಲುಬು, ಉಳಿದ ಹತ್ತು ಲಿವರ್ ಮುಂತಾದ ಒಳಗಿನ ಸಾಮಾನು, ಇದು ಪಥ್ಯ. ಎಲುಬು ಹಸಿಯದೇ ಆಗಬೇಕು, ಬೆಂದದ್ದು ಚೂರಿಯ ಹಾಗೆ ಸೀಳುತ್ತದೆ. ಲಿವರ್ ಹೆಚ್ಚಾದರೆ ಎ ಜೀವಸತ್ವವೇ ವಿಷವಾಗುತ್ತದೆ.

ಮಂಜುಗೆ ಇದು ಯಾವುದೂ ಒಪ್ಪಿಗೆಯಾಗಲಿಲ್ಲ. ಫೆರೆಟ್ ಮರಿಗಳು ಮೊದಲ ಆರು ತಿಂಗಳಲ್ಲಿ ಯಾವ ವಾಸನೆಯನ್ನು ಊಟವೆಂದು ಗುರುತಿಸುತ್ತವೋ ಆಮೇಲೆ ಅದೇ ಊಟ, ಮಿಕ್ಕಿದ್ದು ವಸ್ತು. ನಾನು ವಿಡಿಯೋದಲ್ಲಿ ಕಣ್ಣಾರೆ ನೋಡಿದೆ. ಮಗಳು ಕೋಳಿಯ ತೊಡೆಯ ಚೂರೊಂದನ್ನು ತಟ್ಟೆಯಲ್ಲಿಟ್ಟಳು. ಮಂಜು ಹತ್ತಿರ ಬಂದ, ಮೂಸಿದ, ಎರಡು ಹೆಜ್ಜೆ ಹಿಂದೆ ಹೋದ. ಮತ್ತೆ ಬಂದು, ಸತ್ತವರ ಮನೆಯಲ್ಲಿ ಹಿರಿಯರು ಜವಾಬ್ದಾರಿ ವಹಿಸಿಕೊಳ್ಳುವ ಗಾಂಭೀರ್ಯದಿಂದ ಅದನ್ನು ಹಲ್ಲಿನ ತುದಿಯಲ್ಲಿ ಹಿಡಿದು, ಎಳೆದುಕೊಂಡು ಹೋಗಿ, ಸೋಫಾದ ಹಿಂದೆ ಇಟ್ಟು, ಮೇಲೆ ಒಂದು ಕಾಲುಚೀಲ ಹೊದಿಸಿ ಬಂದ. ಬಂದವನು ಕಾಳಿನ ಡಬ್ಬದ ಮುಂದೆ ಕುಳಿತ.

"ಒಂದು ದಿನ ಉಪವಾಸ ಹಾಕು, ತಿಂತಾನೆ" ಎಂದೆ.

"ಹಾಗೆಲ್ಲ ಹಸಿವಲ್ಲಿ ಇಡ್ಲಿಕ್ಕಾಗುದಿಲ್ಲ ಅಪ್ಪ, ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದುಹೋಗ್ತಾನೆ."

ಆಗ ನನ್ನವಳು ಫೋನು ಕಸಿದುಕೊಂಡಳು. ಮಕ್ಕಳಿಗೆ ಹಾಗಲಕಾಯಿ ತಿನ್ನಿಸಿದ ಕೈ ಅದು. ಶೀಟಿನ ಮೇಲೆ ಮಳೆ ಜೋರಾಗಿತ್ತು, ಅವಳು ಅದಕ್ಕಿಂತ ಜೋರಾದಳು. "ಮಂಜುಗೆ ಒಮ್ಮೆಲೇ ಹಸಿ ಮಾಂಸ ಕೊಡಬೇಡ! ದಿನಾ ತಿನ್ನುವುದರ ಒಟ್ಟಿಗೆ ಚೂರು ಚೂರು ಕಲಸಿ ಹಾಕು! ಅರೆದು, ಬಿಸಿನೀರಲ್ಲಿ ಕದಡಿ, ಬೆರಳಲ್ಲಿ ತುಟಿಗೆ ಹಚ್ಚು, ನೆಕ್ಕಲೇಬೇಕಾಗ್ತದೆ! ಎಲುಬು ಜಗಿಯುವಾಗ ಹತ್ತಿರವೇ ನಿಂತು ನೋಡು!" ಮಾರನೆಯ ದಿನ: "ಮಂಜು ತುಟಿಗೆ ಹಚ್ಚಿದ್ದನ್ನು ಕಾರ್ಪೆಟ್ಟಿಗೆ ಒರೆಸಿದನಾ? ಬಿಡಬೇಡ, ಕುತ್ತಿಗೆ ಹಿಡಿದು ಹಚ್ಚು!" ಅದರ ಮಾರನೆಯ ದಿನ ಮಂಜುವಿನ ಮಲದ ಬಣ್ಣದ ಬಗ್ಗೆ ದೀರ್ಘ ಸಮಾಲೋಚನೆ ನಡೆಯಿತು.

ಆ ವಾರ ಸುಬೇದಾರರ ಮನೆಯವರು ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ ನನ್ನವಳ ಕೈ ಹಿಡಿದು, "ಮಗಳು ಗಟ್ಟಿಗಿತ್ತಿ, ಎಲ್ಲ ಸಮ ಆಗ್ತದೆ" ಎನ್ನತೊಡಗಿದ್ದರು. ಮಗಳಿಗೆ ಕೆಲಸದ ಒತ್ತಡ ಹೆಚ್ಚೆಂದು ಹಿಂದೊಮ್ಮೆ ಹೇಳಿದ್ದೆವು, ಅದಕ್ಕೇ ಇರಬೇಕು ಎಂದುಕೊಂಡೆವು.

ಮಂಜು ಮಣಿಯದಿದ್ದಾಗ ಮಗಳ ದೃಷ್ಟಿ ನಮ್ಮ ಬೆಕ್ಕಿನ ಮೇಲೆ ಬಿತ್ತು. ಸುಬ್ಬಿಗೆ ಆರು ವರ್ಷ. ಕಣ್ಣು ಬಿಟ್ಟ ಮರಿಯಾಗಿ ಬಂದಾಗಿನಿಂದ ಹಾಲು ಅನ್ನ, ಮೊಸರನ್ನ. ಪಾಯಸದ ತಟ್ಟೆಯನ್ನೂ ನೆಕ್ಕುತ್ತಾಳೆ. ಬೆಕ್ಕಿಗೆ ಸಿಹಿಯ ರುಚಿ ಹಿಡಿಯುವ ವಂಶವಾಹಿಯೇ ಕೆಟ್ಟಿದೆ ಎಂದು 2005ರಲ್ಲಿ ವಿಜ್ಞಾನಿಗಳು ಹೇಳಿದ್ದನ್ನು ಓದಿದ ಮೇಲೆ ಅವಳ ಕಣ್ಣು ತುಪ್ಪದ ಮೇಲಿತ್ತು ಎಂದು ಗೊತ್ತಾಯಿತು. ಅನ್ನದಲ್ಲಿ ಅರ್ಧ ಯಾವಾಗಲೂ ಬಿಡುತ್ತಾಳೆ. "ಮಿತಾಹಾರಿ" ಎಂದು ನನ್ನವಳು ನೆಂಟರಿಗೆ ತೋರಿಸುತ್ತಾಳೆ, ಮುಖ್ಯವಾಗಿ ನಾನು ಎರಡನೇ ಸಲ ಬಡಿಸಿಕೊಳ್ಳುವಾಗ. ಬೆಳಿಗ್ಗೆ ಎಂಟಕ್ಕೆ ಹೊರಗೆ ಹೋದರೆ ಒಂಬತ್ತೂವರೆಗೆ ವಾಪಸು. ಅದನ್ನು ನಾವು ವಾಕಿಂಗ್ ಎಂದು ತಿಳಿದಿದ್ದೆವು.

"ಅಪ್ಪ, ಸುಬ್ಬಿಗೆ ಕಣ್ಣು ಕಾಣ್ತದಾ?"

"ಮೂರು ಗಜ ದೂರದ ಹಲ್ಲಿ ಕಾಣ್ತದೆ."

"ಅದು ಹೇಗೆ!" ಮಗಳಿಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿಯಾಯಿತು. ಟಾರಿನ್ ಎಂಬ ವಸ್ತು ಬೆಕ್ಕಿನ ಮೈಯಲ್ಲಿ ಸಾಲುವಷ್ಟು ತಯಾರಾಗುವುದಿಲ್ಲವಂತೆ, ಮಾಂಸದಿಂದಲೇ ಬರಬೇಕಂತೆ. ಅದು ಸಿಗದ ಬೆಕ್ಕಿಗೆ ಕಣ್ಣು ಹೋಗುತ್ತದೆಂದು 1975ರಲ್ಲೇ ಗೊತ್ತಾಗಿತ್ತು. ಹೃದಯ ಊದಿಕೊಂಡು ಸಾಯುತ್ತದೆಂದು 1987ರಲ್ಲಿ ತಿಳಿಯಿತು. ಅದೂ ಅಂಗಡಿಯ ಡಬ್ಬಿಯ ಆಹಾರ ತಿಂದ ಅಮೆರಿಕದ ಬೆಕ್ಕುಗಳಿಗೆ! ಮೊಸರನ್ನದ ಮಡಿಕೇರಿಯ ಬೆಕ್ಕು ಆರು ವರ್ಷ ಹೇಗೆ ಬದುಕಿತು? "ಪುಣ್ಯ" ಎಂದಳು ನನ್ನವಳು. ಮಗಳು ಪುಣ್ಯವನ್ನು ಒಪ್ಪಲಿಲ್ಲ. ಟಾರಿನ್ ಹೆಚ್ಚಿರುವುದು ಕೋಳಿಯ ಗುಂಡಿಗೆಯಲ್ಲಿ. ನಾಲ್ಕು ಕೆಜಿಯ ಬೆಕ್ಕಿಗೆ ದಿನಕ್ಕೆ 120 ಗ್ರಾಂ ಮಾಂಸದ ಲೆಕ್ಕ. ಅಪ್ಪ ನಾಳೆಯೇ ಅಂಗಡಿಗೆ ಹೋಗಬೇಕು.

ಶುಕ್ರವಾರ. ಸಂತೆಯ ದಿನ. ತರಕಾರಿಯ ಚೀಲ, ಕೊಡೆ, ಒಳಗೊಂದು ಗುಟ್ಟು. ಮೂವತ್ತು ವರ್ಷ ಆ ಕೋಳಿ ಅಂಗಡಿಯ ಮುಂದೆ ಮುಖ ಆಚೆ ತಿರುಗಿಸಿಕೊಂಡು ದಾಟಿದ್ದೇನೆ. ಹಾಗಾಗಿ ಎದುರಿನ ಛತ್ರಿ ರಿಪೇರಿಯವನ ಮುಖ ನನಗೆ ಚೆನ್ನಾಗಿ ಪರಿಚಯ. ಅವತ್ತು ಮೊದಲ ಸಲ ಈಚೆ ತಿರುಗಿದೆ. ಮರದ ಕೊರಡು, ಕತ್ತಿ, ಒದ್ದೆ ನೆಲ, ಬಿಳಿ ಬಲ್ಬು. ನಾಲ್ಕು ಜನ ಗಿರಾಕಿಗಳು. ಅವರಲ್ಲಿ ಇಬ್ಬರು ನನ್ನನ್ನು ಗುರುತಿಸಿದರು, ಗುರುತಿಸಲಿಲ್ಲ ಎಂದು ತೋರಿಸಿಕೊಳ್ಳುವ ಸೌಜನ್ಯವೂ ಅವರಿಗಿತ್ತು.

ಅಂಗಡಿಯಲ್ಲಿ ಅದಕ್ಕೆ ಹಾರ್ಟ್ ಎನ್ನುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಗಂಟಲು ಸರಿ ಮಾಡಿಕೊಂಡು ಕೇಳಿದೆ: "ಗುಂಡಿಗೆ ಇದೆಯಾ?"

ಕತ್ತಿ ನಿಂತಿತು. ಅಂಗಡಿಯವನು ಆರಡಿ ಆಳು. ನನ್ನನ್ನೂ ನನ್ನ ಕೊಡೆಯನ್ನೂ ಮೇಲಿನಿಂದ ಕೆಳಗೆ ನೋಡಿದ. "ಎಂತ ಸಾರ್?"

"ಗುಂಡಿಗೆ. ಇದೆಯಾ ನಿಮಗೆ? ಅಲ್ಲ, ನಿಮ್ಮಲ್ಲಿ. ಕೋಳಿಯದ್ದು."

ಹಿಂದೆ ನಿಂತವರಲ್ಲಿ ಒಬ್ಬ ಕೆಮ್ಮಿದ. "ಓ, ಹಾರ್ಟಾ! ಎಷ್ಟು ಜನಕ್ಕೆ?"

"ಒಬ್ಬಳಿಗೆ."

ಆ ಉತ್ತರದಿಂದ ಅಂಗಡಿಯ ಗಾಳಿಯೇ ಬದಲಾಯಿತು. ಕಾಲು ಕೆಜಿ ಹಾರ್ಟು, ಒಂದಿಷ್ಟು ಕೊರಳು ಕಟ್ಟಿಕೊಟ್ಟು, ಅವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬಸಳೆಸೊಪ್ಪಿನ ಅಡಿಯಲ್ಲಿ ಅಡಗಿಸಿ ತಂದೆ.

ನನ್ನವಳು ಗೇಟಿನಲ್ಲೇ ಗಡಿ ಕಾಯುತ್ತಿದ್ದಳು. ಪೊಟ್ಟಣ ಅಡುಗೆಮನೆ ದಾಟಬಾರದು, ಫ್ರಿಜ್ಜಿನಲ್ಲಿ ಮೊಸರಿನ ನೆರೆಯಲ್ಲಿ ಕೂರಬಾರದು, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ನಾನೇ ಕತ್ತರಿಸಬೇಕು. ಕಲ್ಲಿನ ಮೇಲೆ ಮಳೆ, ನನ್ನ ಮೇಲೆ ಕೊಡೆ, ಕೊಡೆ ಹಿಡಿದ ಕೈಯಲ್ಲಿ ಕತ್ತರಿಸುವುದು ಹೇಗೆ? ಹೆಬ್ಬೆರಳು ಗಾತ್ರದ ಆ ಗುಂಡಿಗೆ ಒದ್ದೆ ಸೋಪಿನ ಹಾಗೆ ಜಾರಿ ಬಸಳೆ ಚಪ್ಪರದ ಬುಡಕ್ಕೆ ಹೋಯಿತು. ಎರಡನೆಯದನ್ನು ಹಿಡಿದು ಕೊಯ್ದು ಸುಬ್ಬಿಯ ತಟ್ಟೆಗೆ ಹಾಕಿದೆ. ಅವಳು ಮೂಸಿ ನೋಡಿದಳು, ನನ್ನ ಮುಖ ನೋಡಿದಳು. 'ನೀವೂನಾ?' ಎಂಬಂತಿತ್ತು ಆ ನೋಟ. ಮುಂಗಾಲಿನಿಂದ ನೆಲ ಕೆರೆದು ತಟ್ಟೆಯನ್ನು ಮುಚ್ಚುವ ಶಾಸ್ತ್ರ ಮಾಡಿ ಒಳಗೆ ಹೋಗಿ, ಮೊಸರಿನ ಪಾತ್ರೆಯ ಮುಂದೆ ಕುಳಿತಳು.

ಎರಡು ದಿನ ಇದೇ ಸತ್ಯಾಗ್ರಹ. ಬೆಕ್ಕನ್ನು ಹಸಿವಿನಲ್ಲಿ ಸೋಲಿಸಹೊರಟರೆ ಅದರ ಲಿವರಿಗೆ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆಂದು ಪಶುವೈದ್ಯರು ಮೊದಲೇ ಎಚ್ಚರಿಸಿದ್ದರು. ಅವರ ಅಭಿಪ್ರಾಯದಲ್ಲಿ ಮೊಸರನ್ನವೂ ತಪ್ಪು, ನಮ್ಮ ಉತ್ಸಾಹವೂ ತಪ್ಪು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಫ್ರೀಜರಿನಲ್ಲಿಟ್ಟರೂ ಅದು ಸಾಯುವುದಿಲ್ಲ. ಬೆಕ್ಕು ತಡೆದುಕೊಂಡೀತು, ಅದನ್ನು ಮುದ್ದು ಮಾಡುವ ನಿಮಗೆ ಕಷ್ಟ. ಬೇಯಿಸಿ, ಎಲುಬು ತೆಗೆದು, ಬೆಂದ ನೀರಿನ ಸಮೇತ ಹಾಕಿ. ಹಂದಿಯದ್ದಂತೂ ಹಸಿ ಕೊಡಲೇಬೇಡಿ. ಇಷ್ಟು ಹೇಳಿ ಸುಬ್ಬಿಯ ಕಣ್ಣು, ಹಲ್ಲು, ಎದೆ ನೋಡಿ, "ಇದಕ್ಕೆ ಎಂತ ಹಾಕ್ತೀರಿ? ಬಹಳ ಚೆನ್ನಾಗಿ ಸಾಕಿದ್ದೀರಿ" ಎಂದರು. ನನ್ನವಳು "ಮೊಸರನ್ನ" ಎಂದಳು. ಅವರು ನಕ್ಕರು.

ಮೂರನೆಯ ದಿನ ಕರೆಂಟು ಹೋಯಿತು. ಮಡಿಕೇರಿಯ ಆಗಸ್ಟಿನಲ್ಲಿ ಕರೆಂಟು ಹೋದರೆ ಬಾಣಂತನಕ್ಕೆ ಹೋದ ಮಗಳ ಹಾಗೆ, ಯಾವಾಗ ಬರುತ್ತದೆಂದು ಕೇಳಬಾರದು. ಹಿತ್ತಿಲಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟಿದ್ದ ಮಾಂಸದ ಮಂಜುಗಡ್ಡೆ ಕರಗತೊಡಗಿತು. ಇದ್ದ ಒಂದೇ ದಾರಿಯೆಂದರೆ ಸುಬೇದಾರರ ಜನರೇಟರು ಮತ್ತು ಅವರ ದೊಡ್ಡ ಫ್ರೀಜರು. ಡಬ್ಬಿಯನ್ನು ಶಾಲಿನೊಳಗೆ ಮುಚ್ಚಿಕೊಂಡು ಹೋದೆ.

ಸುಬೇದಾರರು ಮುಚ್ಚಳ ತೆಗೆದು ನೋಡಿದರು. ಮುಚ್ಚಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಳಿಯಂದಿರು ಬಂದ್ರಾ?"

"ಇಲ್ಲವಲ್ಲ. ಇದು ಬೆಕ್ಕಿಗೆ."

"ಹೌದೌದು. ಬೆಕ್ಕಿಗೆ." ಅವರು ದನಿ ತಗ್ಗಿಸಿದರು. "ಸಾರ್, ನಾವು ನೆರೆಯವರು. ಒಂದು ವಾರದಿಂದ ಕೇಳ್ತಾ ಇದ್ದೇವೆ. ಮಂಜು ಅವರಿಗೆ ಹಸಿ ಮಾಂಸದ ಟ್ರೀಟ್‌ಮೆಂಟ್ ನಡೀತಾ ಉಂಟಲ್ಲ. ಒಳ್ಳೆ ಸಂಬಳದ ಹುಡುಗ, ಕಾರ್ಪೆಟ್ಟಿಗೆ ಬಾಯಿ ಒರೆಸ್ತಾರೆ ಅಂತ ಕೇಳಿ ನಮ್ಮ ಮನೆಯವರು ಅತ್ತೇಬಿಟ್ಟರು."

ನಮ್ಮ ಅಳಿಯನ ಹೆಸರು ಮಂಜುವಲ್ಲ, ಮಂಜು ಅಂದರೆ ಮುಂಗುಸಿಯಂಥ ಒಂದು ಪ್ರಾಣಿ ಎಂದೆ. ಸುಬೇದಾರರು ತಲೆಯಾಡಿಸಿದ ರೀತಿ ನೋಡಿದರೆ ಅಳಿಯನನ್ನು ಮಾವ ಹೀಗೆ ಬೈಯಬಾರದಿತ್ತು ಎಂಬಂತಿತ್ತು. ಈ ಡಬ್ಬಿ ನಿಜಕ್ಕೂ ಸುಬ್ಬಿಗೆ ಎಂದು ಮತ್ತೊಮ್ಮೆ ಹೇಳಿದೆ.

"ನಿಮ್ಮ ಬೆಕ್ಕಿಗೆ ನೀವು ಮಾಂಸ ತರುವ ಅಗತ್ಯ ಎಂತ ಉಂಟು ಸಾರ್?" ಎಂದರು ಅವರು, ಸುಳ್ಳು ಹಿಡಿದವರ ಮೆದುದನಿಯಲ್ಲಿ. "ಆರು ವರ್ಷದಿಂದ ಎಂಟು ಗಂಟೆಗೆ ನಮ್ಮ ಹಿತ್ತಿಲಲ್ಲಿ ಹಾಜರು. ಕೋಳಿ ಕ್ಲೀನ್ ಮಾಡುವಾಗ ಹಾರ್ಟು, ಕೊರಳು, ಲಿವರು ಅದಕ್ಕೇ. ಮತ್ತಿ ಮೀನು ಬಂದರೆ ತಲೆ ಎಲ್ಲ ಅದರದ್ದೇ. ಪಂದಿ ಮಾತ್ರ ಕೊಡುವುದಿಲ್ಲ. ಅದು ನಮಗೇ ಸಾಲುವುದಿಲ್ಲ."

ವಾಪಸು ಹೊರಟಾಗ ಅವರ ಮನೆಯವರು ಒಳಗಿನಿಂದ ಒಂದು ಬಾಟಲಿ ತಂದು ಕೈಗಿತ್ತರು. ಕಾಚಂಪುಳಿ. ಮಳೆಗಾಲದಲ್ಲಿ ಪಣಪುಳಿ ಹಣ್ಣಿನ ರಸ ತೊಟ್ಟಿಕ್ಕಿಸಿ, ಕುದಿಸಿ ಕುದಿಸಿ ಕಪ್ಪು ಮಾಡಿದ್ದು, ಪಂದಿಕರಿಯ ಜೀವ. ಮನೆಯಲ್ಲಿ ಮಾಡಿದ್ದನ್ನು ಅವರು ಸುಮ್ಮನೆ ಯಾರಿಗೂ ಕೊಡುವವರಲ್ಲ. "ಮಂಜು ಅವರಿಗೆ ಕಳಿಸಿ" ಎಂದರು. "ಹಸಿಯೇ ಆಗಬೇಕು ಅಂತ ಡಾಕ್ಟರು ಹೇಳಿದ್ದರೆ ಬೇಯಿಸುವುದು ಬೇಡ. ಒಂದು ಚಮಚ ಇದನ್ನು ಹಾಕಿ ಅರ್ಧ ಗಂಟೆ ಇಟ್ಟರೆ ಬೆಂದ ಹಾಗೇ ಆಗ್ತದೆ."

ಸುಬ್ಬಿಯ ವಿಷಯ ಮನೆಯಲ್ಲಿ ಹೇಗೆ ಹೇಳುವುದೆಂದು ಜಗಲಿಯಲ್ಲಿ ಕುಳಿತು ಯೋಚಿಸುತ್ತಿದ್ದೆ. ಮಿತಾಹಾರಿ ನನ್ನ ಕಾಲ ಬಳಿ ಮಲಗಿ ಮೀಸೆ ನೆಕ್ಕುತ್ತಿದ್ದಳು. ಫೋನು ಬಂತು. ನನ್ನವಳು ಓಡಿಬಂದು ಎತ್ತಿದಳು. ಮಗಳು ಅತ್ತ ಕೂಗುತ್ತಿದ್ದಳು, ಶೀಟಿನ ಮೇಲೆ ಮಳೆ ಇತ್ತ. ಎರಡು ಸಲ "ಹಾಂ? ಹಾಂ?" ಎಂದ ಮೇಲೆ ನನ್ನವಳ ಮುಖ ಅರಳಿತು, ಊರಿಗೇ ಕೇಳುವ ಹಾಗೆ ಕೂಗಿ ಹೇಳಿದಳು.

"ಮಂಜು ಹಸಿ ಮಾಂಸ ತಿಂದನಂತೆ! ಎಲುಬು ಸಮೇತ!"

ಬೇಲಿಯಾಚೆ ಟಾರ್ಚು ಹತ್ತಿಕೊಂಡಿತು. ಮಳೆಯನ್ನು ಸೀಳಿಕೊಂಡು ಸುಬೇದಾರರ ಪರೇಡ್ ದನಿ ಬಂತು:

"ಕಾಚಂಪುಳಿ ಹಾಕದೆಯಾ?"