ಪುಟಸಂಖ್ಯೆ ಸಮೇತ ಬರೆಯುವವರಿದ್ದಾರೆ, ಎಚ್ಚರ!

ಕತೆ ಬರೆಯುವುದು ಹೇಗೆಂದು ಕಲಿಸಲು ಕಮ್ಮಟಗಳಿವೆ. ಕವನ ಓದಲು ಗೋಷ್ಠಿಗಳಿವೆ, ಪುಸ್ತಕ ಬಿಡುಗಡೆಗೆ ಸಭಾಂಗಣಗಳಿವೆ, ಬರೆದವರಿಗೆ ಹೊದಿಸಲು ಶಾಲು, ಕೈಗಿಡಲು ಹಣ್ಣಿನ ಬುಟ್ಟಿ ಎಲ್ಲವೂ ಇವೆ. ಇಷ್ಟೆಲ್ಲ ವ್ಯವಸ್ಥೆಯಿರುವ ಕನ್ನಡದಲ್ಲಿ ಒಂದಕ್ಕೆ ಮಾತ್ರ ತರಬೇತಿಯಿಲ್ಲ. ಬರೆದದ್ದನ್ನು ಯಾರೋ ಒಬ್ಬರು ನಿಜಕ್ಕೂ ಓದಿ, ಚೆನ್ನಾಗಿಲ್ಲ ಅಂದುಬಿಟ್ಟರೆ ಏನು ಮಾಡಬೇಕು? ಇಂಥ ಅನಾಹುತ ಅಪರೂಪಕ್ಕೆ ಆಗುವಂಥದ್ದು, ನಿಜ. ಆದರೂ ಆದಾಗ ಹೊಸ ಲೇಖಕರು ಕಂಗಾಲಾಗುತ್ತಾರೆ. ರಾತ್ರಿ ಊಟ ಬಿಡುತ್ತಾರೆ. ಬೆಳಗಾಗುತ್ತಲೇ ನಾಲ್ಕು ಜನಕ್ಕೆ ಫೋನ್ ಮಾಡಿ ವಿಮರ್ಶಕನ ಊರು, ಜಾತಿ, ಗುರು, ಆತ ಯಾರ ಕಡೆಯವನು ಎಂದು ವಿಚಾರಿಸತೊಡಗುತ್ತಾರೆ. ಅಂಥವರ ಅನುಕೂಲಕ್ಕಾಗಿ ಈ ಕೈಪಿಡಿ.

ಮೊದಲಿಗೆ ಶಾಸ್ತ್ರಾಧಾರ. ಟೀಕೆಯ ಮಾತು ಬಂದಾಗಲೆಲ್ಲ ವೇದಿಕೆಯ ಮೇಲಿನವರು ಪುರಂದರದಾಸರನ್ನು ನೆನೆಯುತ್ತಾರೆ. ನಿಂದಕರು ಇರಬೇಕೆಂದು ದಾಸರು ಹಾಡಿದ್ದು, ಅವರನ್ನು ಕೇರಿ ಶುಚಿ ಮಾಡುವ ಹಂದಿಗೆ ಹೋಲಿಸಿದ್ದು ಎಲ್ಲರಿಗೂ ಗೊತ್ತು. ಆ ಮಾತಿನಲ್ಲಿ ಎರಡು ಭಾಗಗಳಿವೆ. ನಿಂದಕ ಹಂದಿ ಎಂಬುದು ಒಂದು, ಕೇರಿಯಲ್ಲಿ ಹೊಲಸಿದೆ ಎಂಬುದು ಇನ್ನೊಂದು. ನಮ್ಮವರು ಮೊದಲನೆಯದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಎರಡನೆಯದು ಪಕ್ಕದ ಕೇರಿಗೆ ಹೇಳಿದ್ದು ಎಂದು ತಿಳಿದಿದ್ದಾರೆ.

ಇನ್ನು ಓದುಗರ ವರ್ಗೀಕರಣ. ಲೇಖಕರಿಗೆ ಎದುರಾಗುವ ಓದುಗರು ಮೂರು ಬಗೆ.

ಹೊಗಳುವವರು ಮೊದಲ ಬಗೆ. ನಾನೂರು ಪುಟವನ್ನು ಒಂದೇ ಉಸಿರಿಗೆ ಓದಿ ಮುಗಿಸಿದವರು, ಓದಿ ರಾತ್ರಿಯಿಡೀ ನಿದ್ದೆ ಬಾರದವರು ಈ ಪೈಕಿ. ಇವರ ನಿರ್ವಹಣೆ ಸುಲಭ. ಎರಡು ಸಾಲು ಬೆನ್ನುಡಿಗೆ ತೆಗೆದುಕೊಳ್ಳಿ. ಅವರ ಪುಸ್ತಕ ಬಂದಾಗ ನಿಮಗೂ ಒಂದು ರಾತ್ರಿ ನಿದ್ದೆ ಬಾರದಂತೆ ನೋಡಿಕೊಳ್ಳಿ. ಲೆಕ್ಕ ಚುಕ್ತಾ.

ಬೈಯುವವರು ಎರಡನೆಯ ಬಗೆ. ಹೊಸಬರು ಹೆದರುವುದೇ ಇವರಿಗೆ. ಅನುಭವಸ್ಥರು ಮಾತ್ರ ಬೈಗುಳವನ್ನು ಫಿಕ್ಸೆಡ್ ಡಿಪಾಸಿಟ್ ಎಂದೇ ತಿಳಿಯುತ್ತಾರೆ. ‘ನೀನೊಬ್ಬ ದ್ರೋಹಿ, ಪೆನ್ನು ಮುಟ್ಟಿದರೆ ಹುಷಾರ್’ ಎಂಬ ಒಂದು ಸಾಲು ಬಂತೆಂದರೆ ಅದನ್ನು ಹತ್ತು ಜನರಿಗೆ ಕಳಿಸಬಹುದು, ಭಾಷಣದಲ್ಲಿ ಓದಬಹುದು, ಮಿತ್ರರಿಂದ ಖಂಡನಾ ಹೇಳಿಕೆಗೆ ಸಹಿ ಮಾಡಿಸಬಹುದು. ಮುಂದೆ ಪ್ರಶಸ್ತಿ ಬಂದಾಗ ಅಭಿನಂದನಾ ಪತ್ರದಲ್ಲಿ ‘ನೇರ, ನಿಷ್ಠುರ ಬರವಣಿಗೆಗಾಗಿ ವಿರೋಧ ಕಟ್ಟಿಕೊಂಡವರು’ ಎಂದು ಅಚ್ಚಾಗುತ್ತದೆ. ಬರೆದದ್ದು ಎಷ್ಟೇ ಸಪ್ಪೆಯಾಗಿರಲಿ, ಬೈಸಿಕೊಂಡವರು ಶೂರರು. ಹಾಗಾಗಿ ಬೈಗುಳವನ್ನು ಎಸೆಯಬೇಡಿ.

ಅಪಾಯವಿರುವುದು ಮೂರನೆಯ ಬಗೆಯವರಲ್ಲಿ. ಇವರು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಯಲ್ಲಾಪುರದಲ್ಲೋ ಇನ್ನೆಲ್ಲೋ ರಿಟೈರಾಗಿ ಕೂತ ಮಾಸ್ತರರೊಬ್ಬರು ಕಾರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಹೀಗೆ ಬರೆಯುತ್ತಾರೆಂದು ಇಟ್ಟುಕೊಳ್ಳಿ:

‘ಮಾನ್ಯರೇ, ತಮ್ಮ ಕಾದಂಬರಿ ಓದಿದೆ. ಭಾಷೆ ಸೊಗಸಾಗಿದೆ. ಆದರೆ 142ನೇ ಪುಟದಲ್ಲಿ ತಮ್ಮ ನಾಯಕ ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ನಮ್ಮ ಯಲ್ಲಾಪುರ ಸ್ಟೇಷನ್ನಿನಲ್ಲಿ ಇಳಿದು ಚಾ ಕುಡಿದು, ಮತ್ತೆ ಹತ್ತಿ ಅಂಕೋಲೆ ತಲುಪುತ್ತಾನೆ. ಈ ರೈಲು ಬರುತ್ತದೆಂದು ನಾನು ನೌಕರಿಯಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ನಾನು ರಿಟೈರಾದೆ, ರೈಲು ಬರಲಿಲ್ಲ. ನಾಯಕನಿಗೆ ಟಿಕೆಟ್ ಎಲ್ಲಿ ಸಿಕ್ಕಿತೆಂದು ತಿಳಿಸಿದರೆ ಉಪಕಾರವಾದೀತು. 187ರಲ್ಲಿ ತೀರಿಕೊಂಡ ಸೋದರತ್ತೆ 203ರಲ್ಲಿ ಚಾ ಸೋಸುತ್ತಿದ್ದಾರೆ. ಅವರ ಆರೋಗ್ಯ ಸುಧಾರಿಸಿದ್ದಕ್ಕೆ ಸಂತೋಷ. ತಮ್ಮ ವಿಶ್ವಾಸಿ.’

ಈ ಮನುಷ್ಯನನ್ನು ಏನು ಮಾಡುತ್ತೀರಿ? ಬೈದಿಲ್ಲವಾದ್ದರಿಂದ ಪೊಲೀಸರಿಗೆ ಕೊಡುವಂತಿಲ್ಲ. ಯಾವ ಬಣದವರೂ ಅಲ್ಲವಾದ್ದರಿಂದ ‘ಅವರ ಕಡೆಯವರು’ ಎಂದು ತಳ್ಳಿಹಾಕುವಂತಿಲ್ಲ. ಸ್ವತಃ ಏನೂ ಬರೆದವರಲ್ಲ, ಹಾಗಾಗಿ ಹೊಟ್ಟೆಕಿಚ್ಚು ಅನ್ನುವಂತೆಯೂ ಇಲ್ಲ. ‘ಸೃಜನಶೀಲ ಸ್ವಾತಂತ್ರ್ಯ’ ಎಂದು ಉತ್ತರಿಸೋಣವೆಂದರೆ, ಸತ್ತ ಅತ್ತೆ ಚಾ ಸೋಸಲು ಅದು ಮಾಂತ್ರಿಕ ವಾಸ್ತವವಾದದ ಕಾದಂಬರಿಯಲ್ಲ. ‘ಗ್ರಾಮೀಣ ಬದುಕಿನ ಅಧಿಕೃತ ದಾಖಲೆ’ ಎಂದು ನೀವೇ ಮುನ್ನುಡಿ ಬರೆಸಿಕೊಂಡಿದ್ದೀರಿ.

ಧೈರ್ಯಗೆಡಬೇಕಿಲ್ಲ. ಇಂಥವರನ್ನು ಸುಮ್ಮನಾಗಿಸುವ ಕಲೆಯಲ್ಲಿ ನಮಗೆ ದೊಡ್ಡ ಪರಂಪರೆಯೇ ಇದೆ.

ಒಂದನೆಯದು ಅಪ್ಪಣೆ ಪದ್ಧತಿ. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳ ಮೇಲೆ ಒಂದು ಕಾಯಿದೆ ಬಂತು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು, ಕೊಟ್ಟ ಅಪ್ಪಣೆಯನ್ನು ಸರ್ಕಾರ ವಾಪಸು ಪಡೆಯಬಹುದು. ಮೈಸೂರಿನವರು ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ‘ವೃತ್ತಾಂತ ಚಿಂತಾಮಣಿ’ಯನ್ನೇ ನಿಲ್ಲಿಸಿದರು. ಅಪ್ಪಣೆ ಕೇಳಿ ಟೀಕಿಸುವುದಕ್ಕಿಂತ ಬಾಗಿಲು ಹಾಕುವುದು ಮೇಲೆಂದು ಅವರಿಗೆ ಅನ್ನಿಸಿತು. ಈಗಿನ ಸಂವಾದಗಳಲ್ಲಿ ಅಷ್ಟು ದೂರ ಹೋಗುವ ಪ್ರಮೇಯವಿಲ್ಲ. ಸಭಿಕರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಚೀಟಿಗಳು ನಿರೂಪಕರ ಕೈಗೆ ಹೋಗುತ್ತವೆ. ಅದರಲ್ಲಿ ‘ನಿಮಗೆ ಬರೆಯಲು ಪ್ರೇರಣೆ ಯಾರು?’ ಎಂಬುದು ಮೇಲೆ ಬರುತ್ತದೆ, ‘142ನೇ ಪುಟ’ ಎಂದು ಶುರುವಾಗುವುದು ನಿರೂಪಕರ ಜೇಬಿಗೆ ಇಳಿಯುತ್ತದೆ. ಹಾಗೂ ಯಾರಾದರೂ ಎದ್ದು ನಿಂತರೆ ಸಮಯದ ಅಭಾವವಿದೆ, ವಂದನಾರ್ಪಣೆಯಿದೆ, ಊಟ ಆರುತ್ತಿದೆ.

ಎರಡನೆಯದು ಕತ್ತರಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದಾಗ, ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟವು. ಹಾಗೆ ಖಾಲಿಯನ್ನೂ ಬಿಡಕೂಡದೆಂದು ಸೂಚನೆ ಬಂತು. ಬರೆದ ಟೀಕೆಯನ್ನು ಅಳಿಸುವುದು ಸಾಮಾನ್ಯರ ಕೆಲಸ. ಬರೆಯದೆ ಬಿಟ್ಟ ಬಿಳಿ ಜಾಗದಲ್ಲೂ ಟೀಕೆಯನ್ನು ಓದುವುದಕ್ಕೆ ಪ್ರತಿಭೆ ಬೇಕು. ಆದರೆ ಆ ಪ್ರತಿಭಾವಂತರು ಶ್ರದ್ಧಾಂಜಲಿಯ ಕಾಲಂ ನೋಡಲು ಮರೆತಿದ್ದರು. ಪ್ರಜಾಪ್ರಭುತ್ವ ಎಂಬುವರು ಜೂನ್ 26ರಂದು ನಿಧನರಾದರೆಂಬ ಪುಟ್ಟ ಜಾಹೀರಾತು ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಅಚ್ಚಾಗಿಹೋಯಿತು. ಸೆನ್ಸಾರ್ ದಾಟಿದ ಸಂಪಾದಕೀಯಗಳು ಯಾರಿಗೂ ನೆನಪಿಲ್ಲ. ಆ ನಿಧನವಾರ್ತೆಯನ್ನು ಜನ ಇಂದಿಗೂ ನೆನೆಯುತ್ತಾರೆ.

ಲೇಖಕರ ಕತ್ತರಿ ಇದಕ್ಕಿಂತ ನಾಜೂಕು. ‘ಭಾಷೆ ಸೊಗಸಾಗಿದೆ, ಆದರೆ ರೈಲು ಸುಳ್ಳು’ ಎಂಬ ಪತ್ರದಲ್ಲಿ ‘ಆದರೆ’ಯಿಂದಾಚೆಗೆ ಕತ್ತರಿಸಿದರೆ ಉಳಿಯುವುದು ಶುದ್ಧ ಪ್ರಶಂಸೆ. ಎರಡನೇ ಮುದ್ರಣದ ರಕ್ಷಾಪುಟಕ್ಕೆ ಹೇಳಿ ಮಾಡಿಸಿದ ಸಾಲು. ಕೆಳಗೆ ‘ಓರ್ವ ಹಿರಿಯ ಶಿಕ್ಷಕರು, ಯಲ್ಲಾಪುರ’ ಎಂದು ಹಾಕಿದರೆ ಜಿಲ್ಲಾ ಪ್ರಾತಿನಿಧ್ಯವೂ ಆಯಿತು.

ಮೂರನೆಯದು ಮನಸ್ಸಿಗೆ ನೋವಾಯಿತು ಎನ್ನುವುದು. ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. ಬರೆದದ್ದು ಇನ್ನೊಬ್ಬರಿಗೆ ಕಿರಿಕಿರಿ ಮಾಡಿದರೂ ಮೂರು ವರ್ಷದವರೆಗೆ ಜೈಲು. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದುದನ್ನು ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದಳು. ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಬರೆದವಳನ್ನೂ ಬಂಧಿಸಿದರು, ಒತ್ತಿದವಳನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಸೆಕ್ಷನ್ನನ್ನು ರದ್ದುಪಡಿಸಿತು. ರದ್ದಾದ ಸೆಕ್ಷನ್ನಿನಡಿಯಲ್ಲಿ ಪೊಲೀಸರು ಇನ್ನೂ ಕೇಸು ಹಾಕುತ್ತಿದ್ದಾರೆಂದು ತಿಳಿದು ಅದೇ ಕೋರ್ಟು 2021ರಲ್ಲಿ ಬೆರಗಾಯಿತು. 187ರಲ್ಲಿ ಸತ್ತು 203ರಲ್ಲಿ ಚಾ ಸೋಸುವ ಅತ್ತೆ ನಮ್ಮ ಕಾದಂಬರಿಕಾರರ ಕಲ್ಪನೆಯೇನೂ ಅಲ್ಲ. ಪೊಲೀಸ್ ಠಾಣೆಗಳಲ್ಲಿ ಆಕೆ ಮೊದಲಿನಿಂದ ಇದ್ದಾರೆ.

ನಾಲ್ಕನೆಯದು ಕೋರ್ಟಿಗೆ ಹೋಗುವುದು. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ. ಹಾಲಿವುಡ್ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 2003ರಲ್ಲಿ ಹಾಗೆ ಮಾಡಿ ಕೆಟ್ಟರು. ಕ್ಯಾಲಿಫೋರ್ನಿಯಾ ಕರಾವಳಿಯ ಕೊರೆತ ದಾಖಲಿಸಲು ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದರಲ್ಲಿ ಅವರ ಬಂಗಲೆ ಇತ್ತು. ತೆಗೆದುಹಾಕಿ ಎಂದು 5 ಕೋಟಿ ಡಾಲರಿಗೆ ದಾವೆ ಹೂಡಿದರು. ದಾವೆಗೆ ಮುನ್ನ ಆ ಫೋಟೋ ಡೌನ್‌ಲೋಡ್ ಆಗಿದ್ದು 6 ಸಲ, ಅದರಲ್ಲಿ 2 ಸಲ ಅವರ ವಕೀಲರಿಂದಲೇ. ಸುದ್ದಿಯಾದ ಮೇಲೆ ಒಂದೇ ತಿಂಗಳಲ್ಲಿ ನೋಡಲು ಬಂದವರು 4 ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ ಪುಸ್ತಕವನ್ನೇ ಅಷ್ಟು ಜನ ನೋಡುವುದಿಲ್ಲವಾದ್ದರಿಂದ, ಯಾರಾದರೂ ಲೇಖಕರು ಇದನ್ನು ಮಾರಾಟದ ಉಪಾಯವಾಗಿ ಬಳಸಿಯಾರು ಎಂಬ ಭಯವೂ ಇದೆ.

ಪತ್ರಿಕೆಗಳವರು ನಗಬೇಕಿಲ್ಲ. ವಾಚಕರ ಪತ್ರ 150 ಪದ ಮೀರಬಾರದು, ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಇರಬೇಕು ಎಂಬ ಷರತ್ತುಗಳಿವೆ. ತಪ್ಪು ವರದಿಗೆ ಇಂಥ ಷರತ್ತಿಲ್ಲ. ಅದು ‘ಬಲ್ಲ ಮೂಲಗಳಿಂದ’ ಬಂದಿರುತ್ತದೆ. ತಪ್ಪು ಮುಖಪುಟದಲ್ಲಿ ನಾಲ್ಕು ಕಾಲಂ, ತಿದ್ದುಪಡಿ ಒಳಪುಟದಲ್ಲಿ ಟೆಂಡರ್ ನೋಟಿಸಿನ ಕೆಳಗೆ ನಾಲ್ಕು ಸಾಲು. ‘ದಿ ಹಿಂದೂ’ 2006ರಲ್ಲಿ ಓದುಗರ ದೂರು ಕೇಳಿ ತಪ್ಪು ತಿದ್ದಲೆಂದೇ ಓದುಗರ ಸಂಪಾದಕ ಎಂಬ ಹುದ್ದೆ ತೆರೆಯಿತು. ಅದು ಊರಿಗೆಲ್ಲ ಹಬ್ಬುವ ರೋಗವಾಗಲಿಲ್ಲ ಎಂಬುದು ಉದ್ಯಮಕ್ಕೆ ಸಮಾಧಾನ.

ಟೀಕೆಯನ್ನು ತಾವೇ ಬರೆದುಕೊಳ್ಳುವ ಇನ್ನೊಂದು ದಾರಿಯೂ ಇದೆ. 1937ರಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ದಲ್ಲಿ ಚಾಣಕ್ಯ ಎಂಬ ಹೆಸರಿನಲ್ಲಿ ಒಂದು ಲೇಖನ ಬಂತು. ಜವಾಹರಲಾಲ್ ನೆಹರೂ ಸರ್ವಾಧಿಕಾರಿಯಾಗುವ ಅಪಾಯವಿದೆ, ಅವರ ಅಹಂಕಾರಕ್ಕೆ ಲಗಾಮು ಬೇಕು ಎಂಬುದು ಅದರ ಸಾರ. ಬರೆದವರು ನೆಹರೂ. ಅದೇ ನೆಹರೂ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ತಂದು ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿದ್ದೂ ಇತಿಹಾಸವೇ. ಚಾಣಕ್ಯನ ಎಚ್ಚರಿಕೆಯನ್ನು ಅವರೇ ಪೂರ್ತಿ ಕೇಳಲಿಲ್ಲ. ಆದರೂ ಗುಪ್ತನಾಮದಲ್ಲಿ ತನ್ನನ್ನು ತಾನೇ ತರಾಟೆಗೆ ತೆಗೆದುಕೊಂಡ ಮನುಷ್ಯ ಆತ. ನಮ್ಮಲ್ಲಿ ಗುಪ್ತನಾಮವಿರುವುದು ತಮ್ಮ ಪುಸ್ತಕಕ್ಕೆ ತಾವೇ ವಿಮರ್ಶೆ ಬರೆದು ‘ಯುಗಪ್ರವರ್ತಕ’ ಅನ್ನಿಸಿಕೊಳ್ಳಲು.

ಕುಚೋದ್ಯ ಸಾಕು. ಅಳಿಸಲೇಬೇಕಾದದ್ದೂ ಇದೆ. ಹೆಣ್ಣುಮಕ್ಕಳು ನಾಲ್ಕು ಸಾಲು ಬರೆದರೆ ಬಂದು ಬೀಳುವ ಹೊಲಸು, ಮನೆ ಗೊತ್ತಿದೆ ಎಂಬ ಬೆದರಿಕೆ, ಜಾತಿ ಎತ್ತಿ ಆಡುವ ಮಾತು, ಇವು ಟೀಕೆಯಲ್ಲ. ಇವನ್ನು ಉಳಿಸಿಕೊಂಡು ವಾಕ್ ಸ್ವಾತಂತ್ರ್ಯ ಮೆರೆಯಬೇಕೆಂದು ಯಾರೂ ಯಾರಿಗೂ ಉಪದೇಶಿಸಬೇಕಿಲ್ಲ. ಹೊಲಸನ್ನು ಅಳಿಸಿ, ಬೆದರಿಕೆಯನ್ನು ಪೊಲೀಸರಿಗೆ ಕೊಡಿ. ಇವಕ್ಕೂ ಟೀಕೆಗೂ ನಡುವಿನ ಗೆರೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ ಎನ್ನುವವರನ್ನು ನಂಬಬೇಡಿ. ‘ನೀನು ನಾಯಿ’ ಎನ್ನುವುದಕ್ಕೂ ‘142ನೇ ಪುಟ ತಪ್ಪು’ ಎನ್ನುವುದಕ್ಕೂ ಇರುವ ವ್ಯತ್ಯಾಸ ಮೂರನೇ ಕ್ಲಾಸಿನ ಮಗುವಿಗೆ ಗೊತ್ತು. ಅದು ಗೊತ್ತಾಗದವರು ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ಎರಡನೆಯದನ್ನು ಎಸೆಯುವ ಸಲುವಾಗಿ. ಬೈಗುಳ ಬರುತ್ತಿದೆಯೆಂದು ಬಾಗಿಲು ಹಾಕಿಕೊಂಡವರಲ್ಲಿ ಬಹಳಷ್ಟು ಜನ ನಿಜಕ್ಕೂ ಹೊರಗೆ ನಿಲ್ಲಿಸಿದ್ದು ಆ ಮಾಸ್ತರರನ್ನು.

ಹಾಗಾದರೆ ಮಾಸ್ತರರನ್ನು ಏನು ಮಾಡಬೇಕು? ಒಂದು ಕಾರ್ಡು ಬರೆಯಿರಿ. ‘ನೀವು ಹೇಳಿದ್ದು ಸರಿ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ’ ಎಂದರೆ ಸಾಕು. ಅವರು ಹೇಳಿದ್ದು ತಪ್ಪಾಗಿದ್ದರೆ ಯಾಕೆ ತಪ್ಪೆಂದು ಬರೆಯಿರಿ. ಎರಡೂ ಆಗದಿದ್ದರೆ ಅವರ ಪತ್ರವನ್ನು ‘ಆದರೆ’ ಸಮೇತ ಹಾಗೇ ಅಚ್ಚು ಹಾಕಿ ಸುಮ್ಮನಿರಿ, ಓದುವವರು ತೀರ್ಮಾನಿಸುತ್ತಾರೆ. ಮರ್ಯಾದೆ ಹೋಗುತ್ತದೆ ಅನ್ನಿಸಿದರೆ ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಪ್ರತಿ ಅಚ್ಚಾಯಿತು. ಒಂದಿಷ್ಟು ಗ್ರಂಥಾಲಯದ ಸಗಟು ಖರೀದಿಗೆ ಹೋಯಿತು, ಒಂದಿಷ್ಟು ಗೌರವ ಪ್ರತಿಯಾಯಿತು, ಉಳಿದದ್ದು ಪ್ರಕಾಶಕರ ಗೋಡೌನಿನಲ್ಲಿದೆ. ವೇದಿಕೆಯ ಮೇಲೆ ಹೊಗಳಿದವರು ಪುಸ್ತಕ ತೆರೆದಿದ್ದರೆಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ತಪ್ಪು ತೋರಿಸಿದವರು 203ನೇ ಪುಟದವರೆಗಾದರೂ ಓದಿದ್ದಾರೆಂಬುದಕ್ಕೆ ಲಿಖಿತ ಪುರಾವೆಯಿದೆ. ಇರುವ ಒಬ್ಬ ಓದುಗರನ್ನೂ ಕಳೆದುಕೊಳ್ಳಬೇಡಿ.