ಹತ್ತನೇ ಕ್ಲಾಸಿನ ಗಣಿತದಿಂದ ಬದಲಾಗದೆ ಪಾರಾಗುವ ಕ್ರಮ

ಕಷ್ಟದ ಕ್ಲಾಸು ಅಪಾಯ. ಜೂನಿನಲ್ಲಿ ‘ನಂಗೆ ಗಣಿತ ಹತ್ತಲ್ಲ’ ಎಂದು ನೆಮ್ಮದಿಯಾಗಿದ್ದ ಹುಡುಗರು ಡಿಸೆಂಬರ್ ಹೊತ್ತಿಗೆ ಹಾನಬಾಳಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಲೆಕ್ಕ ಬಿಡಿಸುವ ಸ್ಥಿತಿಗೆ ಬಂದದ್ದುಂಟು. ನಿನಗೂ ಹಾಗಾಗಬಾರದು ಎಂದಿದ್ದರೆ ಮೊದಲ ದಿನದಿಂದಲೇ ಈ ಕ್ರಮ ಅನುಸರಿಸು.

ಮೊದಲು ಮನೆತನದ ಕಾರಣವೊಂದನ್ನು ಸಿದ್ಧವಾಗಿಟ್ಟುಕೋ. ‘ನಮ್ಮನೇಲಿ ಯಾರಿಗೂ ಲೆಕ್ಕ ಬರಲ್ಲ’ ಅನ್ನು. ಕಾಫಿ ಮೂಟೆ ತೂಗುವಾಗ ಅರ್ಧ ಕೆ.ಜಿ. ಏರುಪೇರಾದರೂ ಅಪ್ಪ ಹಿಡಿಯುತ್ತಾರೆ, ಸಂಘದ ಬಡ್ಡಿಯನ್ನು ಅಮ್ಮ ಬಾಯಲ್ಲೇ ಹೇಳುತ್ತಾಳೆ ಎಂಬುದನ್ನು ಮಾತ್ರ ಹೊರಗೆ ಬಿಡಬೇಡ.

ರಜೆಗಳನ್ನು ಜಾಣತನದಿಂದ ಬಳಸು. ಜುಲೈಯನ್ನು ಮಳೆ ನೋಡಿಕೊಳ್ಳುತ್ತದೆ. ಆಮೇಲಿನ ತಿಂಗಳುಗಳಿಗೆ ಕಾಡಾನೆ ಇದೆ. ಆನೆ ತೋಟಕ್ಕೆ ಬಂದ ದಿನ ಮನೆಯಲ್ಲಿರುವುದು ವಿವೇಕ. ಆನೆ ಬಾರದ ದಿನವೂ ಇರುವುದು ಕೌಶಲ. ಪಾಳ್ಯದ ಕಡೆ ಕಂಡ ಆನೆ ರಾತ್ರಿಯೊಳಗೆ ನಿಮ್ಮೂರಿಗೂ ಬರಬಹುದು. ಮೇಡಂ ಇದನ್ನು ಅಲ್ಲಗಳೆಯಲಾರರು.

ಇನ್ನು ಮೇಡಂ ವಿಚಾರ. ಬೋರ್ಡಿನ ಮೇಲೆ ಉತ್ತರ ಬರೆದು ‘ಇಳಿಸ್ಕೊಳಿ’ ಅನ್ನುವವರಾದರೆ ಹೆದರಬೇಡ, ಅಂಥವರಿಂದ ಯಾರೂ ಬದಲಾಗಿಲ್ಲ. ‘ಎಲ್ಲಿ ತಪ್ಪಿತು, ತೋರಿಸು’ ಎಂದು ಪಕ್ಕಕ್ಕೆ ಬಂದು ನಿಲ್ಲುವವರ ಕಣ್ಣಿಗೆ ಬೀಳಬೇಡ. ಇವರು ತೋಟವನ್ನೇ ಕ್ಲಾಸಿನೊಳಗೆ ತರುತ್ತಾರೆ. ಸಾಲಿಗೆ ಹತ್ತಡಿ, ಗಿಡಕ್ಕೆ ಹತ್ತಡಿ ಅಂತರ. ಎಕರೆಗೆ 43,560 ಚದರಡಿ. ಎಷ್ಟು ರೊಬಸ್ಟಾ ಗಿಡ ಹಿಡಿಯುತ್ತೆ? ‘435’ ಎಂದು ನಾಲಿಗೆ ತುದಿಗೆ ಬಂದರೂ ನುಂಗಿಕೋ. ಹೇಳಿದೆಯೋ, ಮುಂದಿನ ಪ್ರಶ್ನೆ ಕಾದಿರುತ್ತದೆ: ಅಂತರ ಹನ್ನೊಂದಡಿ ಮಾಡಿದರೆ? 360. ಬರೀ ಒಂದಡಿಗೆ 75 ಗಿಡ ಎಲ್ಲಿ ಹೋದವು ಎಂದು ನೀನು ಪೆನ್ನು ಕಚ್ಚಿಕೊಂಡು ಕೂರುತ್ತೀ, ಮನೆಗೆ ಹೋಗುವಾಗ ಬೇಲಿಯಾಚೆಯ ಸಾಲು ಎಣಿಸುತ್ತೀ. ರೋಗ ಹತ್ತುವುದು ಇಲ್ಲೇ.

ಇದೇ ಕಾರಣಕ್ಕೆ ಮಂಜರಾಬಾದ್ ಕೋಟೆಗೆ ಹೋದರೆ ಸೆಲ್ಫಿ ತೆಗೆದುಕೊಂಡು ಇಳಿದು ಬಾ. ಆ ನಕ್ಷತ್ರಕ್ಕೆ ಎಂಟೇ ಮೂಲೆ ಯಾಕೆ ಎಂದು ಕೇಳಬೇಡ. ಸುಬ್ರಹ್ಮಣ್ಯದ ರೈಲು ಹತ್ತಿದರೆ 57 ಸುರಂಗಗಳಲ್ಲೂ ಕೂಗು. ಹಳಿ 50 ಮೀಟರಿಗೆ 1 ಮೀಟರ್ ಇಳಿಯುತ್ತದೆ, ಆ ಇಳಿಜಾರಿನ ಕೋನದ ಟ್ಯಾನ್ ಎಷ್ಟು ಎಂಬ ಯೋಚನೆ ಬಂದರೆ ಇನ್ನೂ ಜೋರಾಗಿ ಕೂಗು.

ಲೆಕ್ಕ ತಪ್ಪಾದರೆ ಹಾಳೆ ಹರಿ. ಎರಡನೇ ಸಲ ಕೈ ಹಾಕಬೇಡ. ನಿನಗೆ ಗಣಿತ ಬರಲ್ಲ ಎನ್ನುವುದಕ್ಕೆ ಇರುವ ಒಂದೇ ಸಾಕ್ಷಿ ಆ ತಪ್ಪು. ಎರಡನೇ ಸಲ ಸರಿ ಬಂದರೆ ಅದೂ ಹೋಯಿತು.

ಪರೀಕ್ಷೆ ಹತ್ತಿರವಾದಾಗ ಪಾಸಿಂಗ್ ಪ್ಯಾಕೇಜಿನ ಜೆರಾಕ್ಸ್ ಸಂಪಾದಿಸು. ಥೇಲ್ಸನ ಪ್ರಮೇಯವನ್ನು ದತ್ತ, ಸಾಧನೀಯ, ರಚನೆ, ಸಾಧನೆ ಸಮೇತ ಉಸಿರು ಬಿಡದೆ ಒಪ್ಪಿಸುವಷ್ಟು ಉರುಹೊಡೆ. ತ್ರಿಭುಜ ಎಬಿಸಿ ಆಗಿರಬೇಕು. ಪ್ರಶ್ನೆಪತ್ರಿಕೆಯಲ್ಲಿ ಪಿಕ್ಯೂಆರ್ ಬಂದಿದ್ದರೆ ಅದು ಸಿಲಬಸ್ಸಿನ ಹೊರಗಿನದು ಎಂದು ಬಿಟ್ಟುಬಿಡು.

ಸರ್ಕಾರದ ಮೇಲೆ ಭರವಸೆ ಇಡು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಅದೇ ವರ್ಷ ಮೂರು ಪರೀಕ್ಷೆ ಬಂದವು. ಈಗ ಪಾಸಿಗೆ ಬೇಕಿದ್ದ ಶೇ. 35 ಕೂಡ 33ಕ್ಕೆ ಬಂದಿದೆ. ನೀನು ಹತ್ತದಿದ್ದರೆ ಬೆಟ್ಟವೇ ಇಳಿದು ಬರುತ್ತದೆ, ಕಾಯುತ್ತಿರು. 2019ರಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತಲ್ಲ ಎಂದು ಯಾರಾದರೂ ಕೆಣಕಿದರೆ, ಅದರ ಕೀರ್ತಿಗೆ ದೊಡ್ಡವರೇ ಕಿತ್ತಾಡಿದರು, ಬರೆದ ಹುಡುಗರ ಪಾಲಿಗೆ ಏನೂ ಉಳಿಯಲಿಲ್ಲ ಎಂದು ತಿಳಿಸು.

ಇಷ್ಟೆಲ್ಲ ಎಚ್ಚರದ ನಡುವೆಯೂ ಕರೆಂಟ್ ಹೋದ ರಾತ್ರಿ ಮೊಬೈಲ್ ಟಾರ್ಚಿನಲ್ಲಿ ವರ್ಗ ಸಮೀಕರಣವೊಂದು ನಿನ್ನ ಕೈಯಲ್ಲಿ ಬಿಡಿಸಿಕೊಂಡರೆ, ಪುಸ್ತಕದ ಹಿಂದಿನ ಉತ್ತರಕ್ಕೆ ತಾಳೆ ನೋಡಬೇಡ, ಮಲಗು. ಮಾರನೆಯ ದಿನ ಮೇಡಂ ‘ಇದನ್ನ ಯಾರು ಮಾಡಿದ್ರಿ?’ ಎಂದಾಗ ಪಕ್ಕದವನನ್ನು ತೋರಿಸು. ಅವನನ್ನು ಬೋರ್ಡಿಗೆ ಕರೆಯುತ್ತಾರೆ. ಆ ಕಡೆಯ ಏಳನ್ನು ಈ ಕಡೆಗೆ ತರುವಾಗ ಅವನು ಮೈನಸ್ ಹಾಕಲು ಮರೆಯುತ್ತಾನೆ. ಆಗ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರು. ಒಂದು ಕೈ ಮೇಲೆದ್ದಿತೋ, ಪಿಯುಸಿಯಲ್ಲೂ ಗಣಿತ ತಪ್ಪಿದ್ದಲ್ಲ.