ಗಾಜಿಗೆ ಮುಪ್ಪಿಲ್ಲ: ಆಟೋನಗರದ ಒಂದು ಲಾರಿಯೊಡನೆ ಸಂದರ್ಶನ

ಖಾನಾಪುರದ ಹಂಚುಗಳನ್ನು ಹೊತ್ತು ಗೋವೆಯ ಕಡೆಗೆ ಹೊರಟು, ಗುಂಜಿಯ ಸಮೀಪದ ಒಂದು ತಿರುವಿನಲ್ಲಿ, ಆಷಾಢದ ಮಳೆಯಲ್ಲಿ, ಎದುರಿನಿಂದ ಧಾವಿಸಿ ಬಂದ ವಾಹನಕ್ಕೆ ದಾರಿ ಬಿಡಹೋಗಿ ರಸ್ತೆಯ ಪಕ್ಕದ ತಗ್ಗಿಗೆ ಮಗುಚಿಕೊಂಡ ಆರು ಗಾಲಿಯ ಲಾರಿಯೊಂದು, ಚಾಲಕನ ಪ್ರಾಣಕ್ಕೆ ಅಪಾಯ ಒದಗದಿದ್ದುದರಿಂದಲೇ ಪತ್ರಿಕೆಗಳ ಗಮನಕ್ಕೆ ಬಾರದೆ ಉಳಿದು, ಠಾಣೆಯೊಂದರ ಅಂಗಳದಲ್ಲಿ ಕೆಲವು ಕಾಲವನ್ನು ಕಳೆದು, ಈಗ ಬೆಳಗಾವಿಯ ಆಟೋನಗರದಲ್ಲಿ ಗ್ಯಾರೇಜೊಂದರ ಮುಂದೆ ವಿಶ್ರಮಿಸುತ್ತಿರುವುದೆಂದು ಕೇಳಿ ನಾನು ಅದನ್ನು ಕಾಣಲು ಹೋದೆನು. ಮಂತ್ರಿಗಳನ್ನೂ ನಟರನ್ನೂ ಸಂದರ್ಶಿಸುವವರು ನಾಡಿನಲ್ಲಿ ಯಥೇಷ್ಟವಾಗಿರುವಾಗ, ನಾಡಿನ ಅಕ್ಕಿ, ಸಕ್ಕರೆ, ಸಿಮೆಂಟುಗಳನ್ನು ಹೊತ್ತು ತಿರುಗುವ ಈ ಜೀವಿಯನ್ನು ಮಾತನಾಡಿಸಿದವರು ಯಾರೂ ಇರಲಿಲ್ಲ. ಅದರ ಮಾತು ಕನ್ನಡ ಮರಾಠಿಗಳೆರಡನ್ನೂ ಬೆಸೆದ ಶುದ್ಧ ಬೆಳಗಾವಿಯ ಮಾತು. ಅದನ್ನು ಗ್ರಂಥಭಾಷೆಗೆ ಇಳಿಸಿದ ಅಪರಾಧ ನನ್ನದು.

ನಾನು: ತಮ್ಮ ಆರೋಗ್ಯ ಹೇಗಿದೆ?

ಲಾರಿ: ಯಾವ ಅಂಗದ ಆರೋಗ್ಯವನ್ನು ಕೇಳುತ್ತಿದ್ದೀರಿ, ಸಾಹೇಬರೆ? ನಾನೊಂದು ಅಖಂಡ ವಾಹನವೆಂದು ಭಾವಿಸಿಕೊಂಡಿದ್ದ ಕಾಲ ಗುಂಜಿಯ ತಿರುವಿನಲ್ಲಿಯೇ ಮುಗಿಯಿತು. ವಿಮೆಯ ಶಾಸ್ತ್ರವು ನನ್ನನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿದೆ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳು ಹುಟ್ಟಿದ ದಿನವೇ ಅರ್ಧಾಯುಷ್ಯವನ್ನು ಕಳೆದುಕೊಂಡವು. ಹೊಸದನ್ನು ಹಾಕಿಸಿದರೆ ನೂರಕ್ಕೆ 50ನ್ನು ಸವಕಳಿಯೆಂದು ಮುರಿದುಕೊಳ್ಳುತ್ತಾರೆ. ಫೈಬರ್‌ಗ್ಲಾಸಿಗೆ 30. ಕಬ್ಬಿಣಕ್ಕೆ ವಯಸ್ಸನ್ನು ನೋಡಿ ತೀರ್ಪು: ಆರು ತಿಂಗಳೊಳಗಿನ ಶಿಶುವಿಗೆ ಮುರಿತವಿಲ್ಲ, ನನ್ನಂತೆ ನಾಲ್ಕನ್ನು ದಾಟಿ ಐದನ್ನು ಮುಟ್ಟದವನಿಗೆ 35, ಹತ್ತು ದಾಟಿದವನಿಗೆ 50. ಇನ್ನು ಗಾಜು. ಮಗುಚಿಕೊಂಡ ಕ್ಷಣದಲ್ಲಿ ನನ್ನ ಶರೀರದಲ್ಲಿ ಮೊಟ್ಟಮೊದಲು ಪುಡಿಪುಡಿಯಾದದ್ದು ಗಾಜು. ಆದರೆ ಅದಕ್ಕೆ ಸವಕಳಿಯೆಂಬುದೇ ಇಲ್ಲ! ಅಶ್ವತ್ಥಾಮ, ವಿಭೀಷಣರ ಸಾಲಿನಲ್ಲಿ ಗಾಜನ್ನೂ ಚಿರಂಜೀವಿಯಾಗಿ ಕೂರಿಸಿದ ಆ ಪುಣ್ಯಾತ್ಮರನ್ನು ಒಮ್ಮೆ ಕಾಣಬೇಕೆಂದು ನನಗೆ ಆಸೆಯಿದೆ. ಅವರು ಕಾಲಿಡುವಲ್ಲಿ ನನ್ನ ಮುಂಭಾಗದ ಚೂರುಗಳಿರದಂತೆ ಮೇಸ್ತ್ರಿಗೆ ಹೇಳಿಡುತ್ತೇನೆ.

ನಾನು: ಅಪಘಾತಕ್ಕೆ ರಸ್ತೆಯೇ ಕಾರಣವೆನ್ನಬಹುದೆ?

ಲಾರಿ: ರಸ್ತೆಯನ್ನು ದೂಷಿಸಲಾರೆ, ನನ್ನ ಅನ್ನದಾತೃ ಅದು. ಹಿಂದೆ ನಾಲ್ಕು-ಎ ಎನ್ನುತ್ತಿದ್ದ ಹೆದ್ದಾರಿಯನ್ನು ಈಗ 748 ಎನ್ನುತ್ತಾರೆ. ಸಂಖ್ಯೆ ವೃದ್ಧಿಯಾದಷ್ಟು ತಿರುವುಗಳು ಕ್ಷೀಣಿಸಲಿಲ್ಲವೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನಾನು: ಮಗುಚಿಕೊಂಡ ಮೇಲೆ ಏನಾಯಿತು?

ಲಾರಿ: ಮೊದಲು ಬಂದವರು ಚಾಲಕನನ್ನು ಹೊರಗೆಳೆದರು, ಅವರಿಗೆ ನನ್ನ ನಮಸ್ಕಾರ. ಆಮೇಲೆ ಬಂದವರು ತಾಡಪತ್ರಿಯನ್ನೂ ಜ್ಯಾಕನ್ನೂ ಸ್ಟೆಪ್ನಿಯನ್ನೂ ಎಳೆದುಕೊಂಡು ಹೋದರು. ಅನಂತರ ಕಾಗದಗಳ ಸರದಿ. ಪಂಚನಾಮೆಯಾಯಿತು, ಮೋಟಾರು ವಾಹನ ನಿರೀಕ್ಷಕರ ಪರೀಕ್ಷೆಯಾಯಿತು. ಆರ್‌ಸಿ, ಫಿಟ್‌ನೆಸ್ಸು, ಪರ್ಮಿಟ್ಟು, ತೆರಿಗೆಯ ರಸೀದಿ, ಚಾಲಕನ ಲೈಸೆನ್ಸು, ಹಂಚಿನ ತೂಕದ ಚೀಟಿ, ಇಷ್ಟನ್ನೂ ಕೇಳಿದರು. ಆಶ್ಚರ್ಯವೆಂದರೆ, ನನ್ನ ಕ್ಯಾಬಿನ್ನು ಚಪ್ಪಟೆಯಾಗಿ, ಮುಂದಿನ ಪಾಟಾ ಮುರಿದು, ಚಾಸಿ ಬಾಗಿ, ಹಂಚುಗಳೆಲ್ಲ ಕೆಮ್ಮಣ್ಣಾಗಿ ಮಳೆಯ ನೀರಿನಲ್ಲಿ ಹರಿದುಹೋದರೂ, ಈ ಕಾಗದಗಳೆಲ್ಲ ಪ್ಲಾಸ್ಟಿಕ್ಕಿನ ಚೀಲದೊಳಗೆ ಅಕ್ಷತವಾಗಿದ್ದವು. ಇವುಗಳಲ್ಲಿ ಒಂದರ ಅವಧಿ ತೀರಿದ್ದರೂ ತಕರಾರಿಗೆ ಅದು ಸಾಕಾಗಿತ್ತು. ಹಂಚಿನ ವ್ಯಾಪಾರಿಯು ತನ್ನ ನಷ್ಟವನ್ನು ಕೇಳಲು ಬಂದಾಗ, ವಾಹನದ ವಿಮೆಯಲ್ಲಿ ಸರಕು ಸೇರುವುದಿಲ್ಲ, ಅದಕ್ಕೆ ಬೇರೆ ವಿಮೆಯುಂಟು ಎಂದು ತಿಳಿಸಲಾಯಿತು. ಹೊತ್ತವನಿಗೂ ಹೊರೆಗೂ ಸಂಬಂಧವಿಲ್ಲವೆಂಬ ಈ ತತ್ತ್ವವು ಅದ್ವೈತಿಗಳಿಗೂ ಹೊಳೆದಿರಲಾರದು.

ನಾನು: ಸರ್ವೇಯರರು ಬಂದರೆ?

ಲಾರಿ: ಬಂದರು. 50 ಸಾವಿರ ರೂಪಾಯಿಯನ್ನು ಮೀರುವ ವಾಹನದ ಕ್ಲೇಮಿಗೆ ಪರವಾನಗಿಯುಳ್ಳ ಸರ್ವೇಯರರೇ ಬೇಕು. ಆತ ದುಷ್ಟನಲ್ಲ, ಮಳೆಯಲ್ಲಿ ನೆನೆಯುತ್ತ ನನ್ನ ಹೊಟ್ಟೆಯ ಕೆಳಗೆ ನುಸುಳಿ ಚಿತ್ರಗಳನ್ನು ತೆಗೆದುಕೊಂಡವನನ್ನು ನಾನು ಹೇಗೆ ನಿಂದಿಸಲಿ? ಆದರೆ ಆತನ ಅಂತಿಮ ಪರೀಕ್ಷೆಯಾಗುವವರೆಗೆ ಬಿಚ್ಚಬಾರದು. ಬಿಚ್ಚದೆ ಒಳಗಿನ ಪೆಟ್ಟು ಕಾಣಿಸದು. ಕಾಣಿಸದ ಪೆಟ್ಟು ಎಸ್ಟಿಮೇಟಿಗೆ ಸೇರದು. ಸೇರದುದನ್ನು ಆಮೇಲೆ ಸೇರಿಸಬೇಕಾದರೆ ಮತ್ತೊಂದು ಪರೀಕ್ಷೆ. ನಮ್ಮ ಮೇಸ್ತ್ರಿ ಒಮ್ಮೆ ಸುತ್ತಿಗೆಯಿಂದ ತಟ್ಟಿ, ಸದ್ದನ್ನು ಕೇಳಿ, ‘ಗೇರ್‌ಬಾಕ್ಸಿನ ಹೌಸಿಂಗು ಸೀಳಿದೆ’ ಎಂದುಬಿಟ್ಟ. ಅವನ ಕಿವಿಗೆ ಪರವಾನಗಿಯಿಲ್ಲವಾದುದರಿಂದ ಆ ಮಾತು ದಾಖಲೆಗೆ ಸೇರಲಿಲ್ಲ. ಕೊನೆಗೆ ಬಿಚ್ಚಿ ನೋಡಿದಾಗ ಸೀಳಿಯೇ ಇದ್ದಿತು.

(ಇಲ್ಲಿ ಲಾರಿಯು ಸ್ವಲ್ಪ ಹೊತ್ತು ಮೌನವಾಯಿತು. ಬಿಚ್ಚಿದ ಭಾಗಗಳನ್ನು ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದರು. ಹಳೆಯ ಕಬ್ಬಿಣದ ಬೆಲೆಯನ್ನೂ ಲೆಕ್ಕದಲ್ಲಿ ಕಳೆಯುವುದರಿಂದ ಒಂದು ನಟ್ಟನ್ನೂ ಎಸೆಯುವಂತಿಲ್ಲವೆಂದು ಮೇಸ್ತ್ರಿ ನನಗೆ ವಿವರಿಸಿದನು.)

ನಾನು: ಇಷ್ಟು ಕಷ್ಟಪಡುವುದಕ್ಕಿಂತ ಪೂರ್ಣ ನಷ್ಟವೆಂದೇ ಘೋಷಿಸಬಹುದಿತ್ತಲ್ಲ?

ಲಾರಿ: ಸಾಯುವುದೂ ಅಷ್ಟು ಸುಲಭವಲ್ಲ. ನಾಲ್ಕು ವರ್ಷ ದಾಟಿದ ವಾಹನಕ್ಕೆ ಪಾಲಿಸಿಯಲ್ಲಿ ಕಟ್ಟುವ ಮೌಲ್ಯ ಹೊಸದರ ಬೆಲೆಯ ಅರ್ಧ. ರಿಪೇರಿಯ ವೆಚ್ಚವು ಆ ಅರ್ಧದಲ್ಲಿ ನೂರಕ್ಕೆ 75ನ್ನು ಮೀರಿದರೆ ಮಾತ್ರ ನಾನು ಶಾಸ್ತ್ರೋಕ್ತವಾಗಿ ಮೃತನು. ನನ್ನದು ಆ ಗಡಿಯ ಈಚೆಗೆ ಸ್ವಲ್ಪದರಲ್ಲಿ ನಿಂತಿತು. ನನ್ನ ಮೌಲ್ಯವನ್ನು ಹಳೆಯದಾಗಿ ಎಣಿಸುವರು, ನನಗೆ ಹಾಕುವ ಭಾಗಗಳನ್ನು ಹೊಸದರ ಬೆಲೆಗೆ ಮಾರುವರು. ನಡುವಿನ ಅಂತರವನ್ನು ಮಾಲಕರು ತುಂಬಬೇಕು. ಒಂದು ವೇಳೆ ಸತ್ತಿದ್ದರೂ, ನಾನು ಸಾಲದ ಗಾಡಿಯಾದುದರಿಂದ ಹಣ ಮೊದಲು ಸಾಲ ಕೊಟ್ಟವರ ಕೈಗೆ ಹೋಗುತ್ತಿತ್ತು. ‘ಬದುಕಿದರೆ ಗ್ಯಾರೇಜಿಗೆ, ಸತ್ತರೆ ಫೈನಾನ್ಸಿಗೆ, ನನಗೇನು?’ ಎಂದು ಮಾಲಕರು ಇದೇ ಬಾಗಿಲಿನಲ್ಲಿ ನಿಂತು ಕೇಳಿದರು. ಉತ್ತರ ನನಗೂ ಹೊಳೆಯಲಿಲ್ಲ.

ನಾನು: ಹಾಗಾದರೆ ವಿಮೆಯೇ ಬೇಡವೆನ್ನುವಿರಾ?

ಲಾರಿ: ಅಪಚಾರದ ಮಾತನ್ನು ನನ್ನ ಬಾಯಿಗೆ ಹಾಕಬೇಡಿರಿ. 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿದ್ದ ಕಡ್ಡಾಯ ವಿಮೆಯ ವಿಧಿಯು 1946ನೆಯ ಜುಲೈ 1ರಂದು ಜಾರಿಗೆ ಬಂದಿತು. ಅದಕ್ಕೆ ಮುಂಚೆ ನಮ್ಮ ಪೂರ್ವಿಕರ ಗಾಲಿಗೆ ಸಿಕ್ಕವನ ಹೆಂಡತಿ ಮಕ್ಕಳು ಬರಿಗೈ ಮಾಲಕನನ್ನು ಹಿಡಿದು ಏನು ಪಡೆಯಬಹುದಾಗಿತ್ತು? ಆ ಧರ್ಮಕಾರ್ಯವನ್ನು ನಾನು ಗೌರವಿಸುತ್ತೇನೆ. ಪರರಿಗೆ ನಾನು ಮಾಡುವ ಹಾನಿಗೆ ವಿಮೆ ಕಡ್ಡಾಯ. ನನ್ನ ಸ್ವಂತ ಗಾಯಕ್ಕೆ ಮಾತ್ರ ಅದು ಮಾಲಕರ ಇಚ್ಛೆ. ನನ್ನ ದೂರು ಈ ಎರಡನೆಯದರ ಸಣ್ಣಕ್ಷರಗಳ ಮೇಲೆ. ಅದರಲ್ಲಿ 23 ಎಂಬ ಸಂಖ್ಯೆಯ ಒಂದು ಷರತ್ತುಂಟು. ಸರಕಿನ ವಾಹನದ ದೀಪ, ಟೈರು, ಮಡ್‌ಗಾರ್ಡು, ಬಾನೆಟ್ಟು, ಬಂಪರು, ಬಣ್ಣ ಇವುಗಳಿಗೆ ಆದ ಹಾನಿಯು, ಹೆಚ್ಚುವರಿ ಪ್ರೀಮಿಯಂ ತೆತ್ತು ಆ ಷರತ್ತನ್ನು ಸೇರಿಸಿಕೊಂಡಿದ್ದರೆ ಮಾತ್ರ, ವಿಮೆಯೊಳಗೆ ಬರುತ್ತದೆ. ಲಾರಿಯೊಂದು ಮುಂದಕ್ಕೆ ಡಿಕ್ಕಿ ಹೊಡೆದರೆ ಮೊದಲು ಏಟು ತಿನ್ನುವುವು ಯಾವುವು ಸಾಹೇಬರೆ? ಇವೇ! ನವೀಕರಣದ ದಿನ ಸ್ವಲ್ಪ ಹಣ ಉಳಿಯಿತೆಂದು ನಮ್ಮ ಮಾಲಕರು ಸಂತೋಷಪಟ್ಟಿದ್ದರು.

ನಾನು: ಚಾಲಕನ ಸ್ಥಿತಿಯೇನು?

ಲಾರಿ: ಅಗೋ, ಆ ಹಲಗೆಯ ಮೇಲೆ ಮಲಗಿದ್ದಾನೆ. ಭುಜದ ನೋವು ಇಳಿದಿದೆ, ಟ್ರಿಪ್ಪಿಲ್ಲದೆ ಭತ್ಯೆಯಿಲ್ಲ. ವಾಹನ ನಿಂತ ದಿನಗಳ ಗಳಿಕೆಯನ್ನು ಪರಿಣಾಮರೂಪದ ನಷ್ಟವೆಂದು ಕರೆದು ಪಾಲಿಸಿಯು ಮೊದಲೇ ಹೊರಗಿಟ್ಟಿದೆ. ಅದರ ದೃಷ್ಟಿಯಲ್ಲಿ ಕಬ್ಬಿಣ ಬಾಗಬಹುದು, ದಿನಗಳು ಬಾಗಲಾರವು. ಸಾಲದ ಕಂತಾದರೋ ಪ್ರತಿ ತಿಂಗಳೂ ತಪ್ಪದೆ ಹುಟ್ಟುತ್ತಿದೆ. ಉದ್ಯಮಬಾಗದ ಕಾರ್ಖಾನೆಗಳಿಂದ ಸರಕು ತುಂಬಿಸಿಕೊಂಡು ಹೋಗುವ ನನ್ನ ಜೊತೆಗಾರರು ಹಾರ್ನು ಮಾಡಿ ಕುಶಲ ಕೇಳುತ್ತಾರೆ. ನನ್ನದು ಇನ್ನೂ ಬಿಚ್ಚಿದ ಗಂಟಲು.

ನಾನು: ಓದುಗರಿಗೆ ಏನಾದರೂ ಹೇಳುವುದುಂಟೆ?

ಲಾರಿ: ಉಪದೇಶ ಮಾಡುವಷ್ಟು ಆಯಿಲು ನನ್ನಲ್ಲಿ ಉಳಿದಿಲ್ಲ. ಒಂದು ವಿಜ್ಞಾಪನೆಯನ್ನು ಮಾತ್ರ ಅಚ್ಚು ಹಾಕಿಸಿರಿ. ತಮ್ಮ ಓದುಗರಲ್ಲಿ ಲಾರಿಯುಳ್ಳವರು ಯಾರಾದರೂ ಇದ್ದರೆ, ಮುಂದಿನ ನವೀಕರಣಕ್ಕೆ ಏಜಂಟರು ಬಂದಾಗ ಚಹಾ ಕೊಡುವ ಮೊದಲೇ ಇಪ್ಪತ್ತಮೂರನೆಯ ಷರತ್ತು ಸೇರಿದೆಯೋ ಇಲ್ಲವೋ ಎಂದು ಕೇಳಿ, ಆ ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಪಾಲಿಸಿಯ ಕಾಗದದಲ್ಲಿಯೇ ಕಣ್ಣಾರೆ ನೋಡಿಕೊಳ್ಳಲಿ.